ಉರಿ ತಿಳಿಯದ ಕೈ

ಅಕ್ಕಯಮ್ಮ ಜಗಲಿಯ ಮೇಲೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಎದುರಿಗೆ ಕುಕ್ಕರಗಾಲಲ್ಲಿ ಕೂತ ಮೈದುನ ಲಕ್ಷ್ಮಯ್ಯ ಅವಳ ಬೆರಳುಗಳನ್ನೇ ನೋಡುತ್ತಿದ್ದ. ಮೊರ ತುಂಬಿದ ಮೇಲೆ ಅವನು ಜೇಬಿನಿಂದ ಗುಂಡುಸೂಜಿ ತೆಗೆದು ಅವಳ ಕಿರುಬೆರಳಿಗೆ ಚುಚ್ಚಿದ. ಒಂದು ಹನಿ ರಕ್ತ ಬಂತು.

"ನೋವಾಯ್ತಾ ಅತ್ತಿಗೆ?"

"ಇಲ್ವಲ್ಲಪ್ಪ."

ಅವನ ಮುಖ ಅರಳಿತು.

ತೂಬಗೆರೆಯಲ್ಲಿ ಯಾರ ಮನೆಯ ಮದುವೆಯಾದರೂ ಖಾರ ಕುಟ್ಟಲು ಅಕ್ಕಯಮ್ಮನಿಗೇ ಕರೆ ಬರುತ್ತಿತ್ತು. ಉಳಿದ ಹೆಂಗಸರು ಉರಿ ತಾಳಲಾರದೆ ಕೈಗೆ ಹರಳೆಣ್ಣೆ ಹಚ್ಚಿಕೊಂಡು ಒದ್ದಾಡುವಾಗ ಇವಳು ಒರಳಿಗೆ ಕೈ ಹಾಕಿ ಪುಡಿ ಬಾಚುತ್ತಿದ್ದಳು. ನಿನ್ನ ಕೈಯನ್ನು ಕಮ್ಮಾರ ಮಾಡಿಕೊಟ್ಟನೇನು ಎಂದು ಅವರು ಹಂಗಿಸಿದರೆ ಇವಳಿಗೆ ಒಳಗೊಳಗೇ ಹಿಗ್ಗು.

ಲಕ್ಷ್ಮಯ್ಯ ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ನೋವಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ನೋವಿನ ಸುದ್ದಿಯನ್ನು ನರದಿಂದ ನರಕ್ಕೆ ಮುಟ್ಟಿಸುವ ಪೆಪ್ಟೈಡ್ ಎಂಬ ವಸ್ತು ಮೈಯೊಳಗಿದೆ, ಇಲಿಗಳಿಗೆ ಮೆಣಸಿನಕಾಯಿಯ ಸಾರವನ್ನು ಮತ್ತೆ ಮತ್ತೆ ಕೊಟ್ಟರೆ ಅದು ಬತ್ತಿಹೋಗುತ್ತದೆ, ಆಮೇಲೆ ಅವಕ್ಕೆ ಉರಿಯೇ ತಿಳಿಯುವುದಿಲ್ಲ ಎಂದು ಅಣ್ಣ ಅಪ್ಪಯ್ಯಣ್ಣನಿಗೆ ವಿವರಿಸಿದ್ದ. ಇದನ್ನೇ ಮನುಷ್ಯರಲ್ಲಿ ತೋರಿಸಿಬಿಟ್ಟರೆ ತನ್ನ ಹೆಸರು ಹೊರದೇಶದವರೆಗೂ ಹೋಗುತ್ತದೆ ಎಂದಿದ್ದ. ಅಕ್ಕಯಮ್ಮ ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಇನ್ನೂ ಚಡ್ಡಿ ಕಾಣದ ಮಗು. ತುತ್ತು ಕಲಸಿ ಉಣ್ಣಿಸಿದವಳು ಅವಳೇ. ಬೆಂಗಳೂರಿಗೆ ಬನ್ನಿ ಎಂದು ಅವನು ಕರೆದಾಗ ಯಾವ ಸೀರೆ ಉಟ್ಟುಕೊಳ್ಳಲಿ ಎಂದಷ್ಟೇ ಕೇಳಿದಳು.

ಅಲ್ಲಿ ಮೇಜಿನ ಸುತ್ತ ವಯಸ್ಸಾದ ಗಂಡಸರು ನಿಂತಿದ್ದರು. ಲಕ್ಷ್ಮಯ್ಯ ಅವಳ ಬೆರಳುಗಳನ್ನು ಬಿಸಿನೀರಿಗೆ ಅದ್ದಿದ, ಸೂಜಿ ಚುಚ್ಚಿದ, ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದ. ಅಷ್ಟು ದೊಡ್ಡವರೆಲ್ಲ ತನ್ನ ಕೈಯನ್ನೇ ನೋಡುತ್ತಿರುವುದು ಅಕ್ಕಯಮ್ಮನಿಗೆ ಹೆಮ್ಮೆಯೆನಿಸಿತ್ತು. ಆಗ ಎಲ್ಲರಿಗಿಂತ ಹಿರಿಯ ಡಾಕ್ಟರು ಮುಂದೆ ಬಂದರು. ಅವರು ಬೆರಳು ನೋಡಲಿಲ್ಲ. ಮೊಣಕೈಯ ಹಿಂದೆ ಒತ್ತಿ, ಹಗ್ಗದ ಹಾಗೆ ದಪ್ಪಗಾಗಿದ್ದ ನರವನ್ನು ಸವರಿದರು. ರವಿಕೆಯ ತೋಳನ್ನು ಸ್ವಲ್ಪ ಸರಿಸಿದರು. ಅಲ್ಲಿ ಬಿಳಿಚಿಕೊಂಡ ಮಚ್ಚೆಯಿತ್ತು.

"ಇದು ಮೆಣಸಿನಕಾಯಿ ಮಾಡಿದ್ದಲ್ಲ ಲಕ್ಷ್ಮಯ್ಯ. ಕುಷ್ಠ."

ಹಿಂದೆ ಯಾರೋ ನಕ್ಕರು.

ಡಾಕ್ಟರು ಅವಳಿಗೆ ಮಾತ್ರೆಯ ಪೊಟ್ಟಣ ಕೊಟ್ಟರು. ತಪ್ಪದೆ ನುಂಗಿದರೆ ವಾಸಿಯಾಗುತ್ತದೆ, ಮನೆಯವರ ಜೊತೆಯಲ್ಲೇ ಇರಬಹುದು, ಹೆದರಬೇಡಿ ತಾಯಿ ಎಂದರು. ಲಕ್ಷ್ಮಯ್ಯನ ಕಡೆ ತಿರುಗಿ, ನಿನಗೆ ಗೊತ್ತಲ್ಲ ಎಂದು ಕೇಳಿದರು. ಗೊತ್ತು ಸಾರ್ ಎಂದ ಅವನು.

ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಖಾಲಿಯಿದ್ದರೂ ಅವನು ಹಿಂದಿನ ಬಾಗಿಲ ಹತ್ತಿರ ನಿಂತೇ ಬಂದ. ಊರಲ್ಲಿ ಇಳಿದವನು ತಿರುಗಿ ನೋಡದೆ ಬಿರಬಿರನೆ ಮುಂದೆ ನಡೆದ.

ಅವಳು ಅಂಗಳಕ್ಕೆ ಬರುವಷ್ಟರಲ್ಲಿ ಅವಳ ಚಾಪೆ, ತಟ್ಟೆ, ಲೋಟ ದನದ ಕೊಟ್ಟಿಗೆಯ ಕಲ್ಲಿನ ಮೇಲೆ ಬಿದ್ದಿದ್ದವು. ಅತ್ತೆ ಮುನಿತಾಯಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು.

"ಅಲ್ಲೇ ನಿಂತ್ಕೊ. ಊರಿಗೆಲ್ಲ ಖಾರ ಕುಟ್ಟಿಕೊಟ್ಟಿದ್ಯಲ್ಲೇ, ನಾಳೆ ಅವ್ರೆಲ್ಲ ಬಂದು ಕೇಳಿದ್ರೆ ಏನು ಹೇಳ್ಲಿ? ಚನ್ನರಾಯಪಟ್ಟಣದೋರು ಇನ್ನು ಲಕ್ಷ್ಮಯ್ಯನಿಗೆ ಹೆಣ್ಣು ಕೊಡ್ತಾರಾ?"

ಅಪ್ಪಯ್ಯಣ್ಣ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದ. ಲಕ್ಷ್ಮಯ್ಯ ಬಚ್ಚಲ ಕಲ್ಲಿನ ಹತ್ತಿರ ಮೊಣಕೈಯವರೆಗೂ ಸೋಪು ಹಚ್ಚಿ ತೊಳೆಯುತ್ತಿದ್ದ.

ಅಕ್ಕಯಮ್ಮ ಸೆರಗಿನ ಗಂಟು ಬಿಚ್ಚಿ ಪೊಟ್ಟಣವನ್ನು ಎಲ್ಲರಿಗೂ ಕಾಣುವಂತೆ ಹಿಡಿದಳು.

"ಲಕ್ಷ್ಮಯ್ಯ, ದೊಡ್ಡ ಡಾಕ್ಟ್ರು ಹೇಳಿದ್ದನ್ನ ಇವ್ರಿಗೂ ಒಂದ್ ಮಾತು ಹೇಳಪ್ಪ."

ಅಪ್ಪಯ್ಯಣ್ಣ ತಲೆಯೆತ್ತಿ ತಮ್ಮನ ಕಡೆ ನೋಡಿದ. ಮುನಿತಾಯಮ್ಮನೂ ನೋಡಿದಳು. ಲಕ್ಷ್ಮಯ್ಯ ಕೈ ಮೇಲೆ ಒಂದು ಚೊಂಬು ನೀರು ಸುರಿದುಕೊಂಡು, ಸೋಪನ್ನು ಮತ್ತೆ ತೆಗೆದುಕೊಂಡ.