ಅಭಿಲಾಷನ ಕೈಗೆ ಬಂದ ಗರಗಸದ ಹಲ್ಲು

ಇದರಲ್ಲಿ ಒಂದು ಅಕ್ಷರ ಸುಳ್ಳಿದ್ದರೂ ಈ ಬಾಯಿಗೆ ಇನ್ನು ಮೇಲೆ ಬಿಸಿ ಮುದ್ದೆ ಸೇರದಿರಲಿ. ನಡೆದದ್ದನ್ನು ನಡೆದ ಹಾಗೇ ಹೇಳುತ್ತೇನೆ.

ತರೀಕೆರೆಯ ಕುಸ್ತಿ ಕಣದಲ್ಲಿ ಆ ದಿನ ಕಡೂರಿನ ಅಭಿಲಾಷನಿಗೂ ಅಜ್ಜಂಪುರದ ಗಿಡ್ಡಪ್ಪನಿಗೂ ಬೆಳ್ಳಿ ಗದೆಗಾಗಿ ಪಂದ್ಯ. ಗಿಡ್ಡಪ್ಪ ಹೆಸರಿಗಷ್ಟೇ ಗಿಡ್ಡ, ಬಾಗಿಲಲ್ಲಿ ನಿಂತರೆ ಮನೆಯೊಳಗೆ ದೀಪ ಹಚ್ಚಬೇಕು. ಅಭಿಲಾಷ ಅವನ ಕುತ್ತಿಗೆಗೆ ಬೀಸಿದ ಏಟಿನ ಸದ್ದಿಗೆ ಸ್ಟೇಷನ್ನಿನಲ್ಲಿ ನಿಂತಿದ್ದ ರೈಲು, ಯಾರೋ ಹೊರಡಲು ಹೇಳಿದರೆಂದುಕೊಂಡು ಹೊರಟೇಬಿಟ್ಟಿತು. ಮರುಕ್ಷಣ ಗಿಡ್ಡಪ್ಪನನ್ನು ಎತ್ತಿ ಒಗೆದ. ಗಿಡ್ಡಪ್ಪ ಚಿತ್. ಕೆನ್ನೆ ಕಿತ್ತು ರಕ್ತ ಸುರಿಯಿತು.

ಅಜ್ಜಂಪುರದವರು ಸುಮ್ಮನಿರಲಿಲ್ಲ. ಕುರ್ಚಿಗಳು ಹಾರಿದವು, ಮೂಗುಗಳು ಮುರಿದವು. ಆ ಗಲಾಟೆಯಲ್ಲಿ ಯಾರೋ ಹಿಂದಿನಿಂದ ಬಂದು ಗಿಡ್ಡಪ್ಪನ ಗುರು ಚೌಡಪ್ಪನ ತಲೆಗೆ ದೊಣ್ಣೆ ಇಳಿಸಿದರು. ಏಳು ಹೊಲಿಗೆ. ಹೊಡೆದವರು ಯಾರೆಂದು ಯಾರಿಗೂ ಗೊತ್ತಾಗಲಿಲ್ಲ. ಗದೆ ಕೊಡಬೇಕಾದ ತರೀಕೆರೆಯ ಯಜಮಾನ ರುದ್ರಮೂರ್ತಿಯಂತೂ, "ಆ ನನ್ಮಗ ಸಿಗ್ಲಿ, ಕೈ ಕತ್ತರಿಸ್ತೀನಿ" ಎಂದು ಮೂರು ದಿನ ಹಾರಾಡಿದ.

ಇಷ್ಟನ್ನೂ ಅಭಿಲಾಷನ ಅಕ್ಕ ಸುಮನಾ ತನ್ನ ಎಚ್‌ಡಿ ಕ್ಯಾಮೆರಾದಲ್ಲಿ ಹಿಡಿದಿದ್ದಳು. ಕಡೂರು ಬಸ್ ಸ್ಟ್ಯಾಂಡಿನ ಹಿಂದೆ ಅವಳದೊಂದು ವಿಡಿಯೋ ಅಂಗಡಿ. ಗದೆ ಕೊಡುವ ಮುಂಚೆ ಪಂದ್ಯವನ್ನು ಇನ್ನೊಮ್ಮೆ ನೋಡಬೇಕೆಂದ ರುದ್ರಮೂರ್ತಿಗೆ ಮೊಬೈಲ್, ಕಂಪ್ಯೂಟರ್ ಎಂದರೆ ಆಗದು.

"ಅದ್ರಲ್ಲಿ ಸತ್ತೋರ್ನೂ ಕುಣಿಸ್ತಾರೆ. ನಂಗೆ ಡಿವಿಡಿ ತಂದ್ಕೊಡು ತಾಯಿ, ನನ್ ಟೀವೀಲೇ ನೋಡ್ತೀನಿ."

ಸುಮನಾ ಅವಸರದಲ್ಲಿ ಮಾಡಿಕೊಟ್ಟಳು. ಅಲ್ಲೇ ಎಡವಿದ್ದು.

ಯಜಮಾನನ ಪಡಸಾಲೆಯಲ್ಲಿ ಎಲ್ಲರೂ ಕೂತು ನೋಡುವಾಗ, ಅಭಿಲಾಷ ಕೈ ಬೀಸಿದ ಜಾಗಕ್ಕೆ ಗಿಡ್ಡಪ್ಪ ರಿಮೋಟ್ ಒತ್ತಿ ನಿಲ್ಲಿಸಿದ. ಅಂಗೈಯ ಅಂಚಿನುದ್ದಕ್ಕೂ ಸಾಲಾಗಿ ಚೂಪು ಹಲ್ಲುಗಳು.

"ನೋಡ್ರಪ್ಪಾ, ಗರಗಸದ ಬ್ಲೇಡು. ಕೈಲಿಟ್ಕೊಂಡು ನನ್ ಕೆನ್ನೆ ಕುಯ್ದವ್ನೆ."

"ಅದು ವಿಡಿಯೋದ ಗೆರೆ ಕಣೋ" ಎಂದಳು ಸುಮನಾ.

"ಗೆರೆ ಕುಯ್ದ್ರೆ ರಕ್ತ ಬತ್ತದಾ?"

ರುದ್ರಮೂರ್ತಿ ಮೀಸೆ ನೀವಿದ. "ಭಾನುವಾರದೊಳಗೆ ಇದೇ ಟೀವೀಲಿ ಬರೀ ಕೈ ತೋರ್ಸು. ಇಲ್ದಿದ್ರೆ ಗದೆ ಗಿಡ್ಡಪ್ಪಂದು. ನಿನ್ ತಮ್ಮ ಇನ್ಮೇಲೆ ಕಣದ ಮಣ್ಣು ಮುಟ್ಟಂಗಿಲ್ಲ."

"ಮುಟ್ಟಕ್ಕೆ ಬೆರಳು ಉಳುದ್ರೆ ತಾನೆ" ಎಂದ ಚೌಡಪ್ಪ, ತಲೆಯ ಪಟ್ಟಿ ಸರಿಮಾಡಿಕೊಳ್ಳುತ್ತಾ.

ಭಾನುವಾರ ಬೆಳಿಗ್ಗೆ ಸುಮನಾ ಅಂಗಡಿಯ ಕಂಪ್ಯೂಟರಿನಲ್ಲಿ ಹೊಸ ಡಿವಿಡಿಗೆ ಎಲ್ಲವನ್ನೂ ಹೊಂದಿಸಿ, ಕೆಲಸ ಶುರು ಮಾಡಲು ಬೆರಳೆತ್ತಿದ್ದಳು. ಆಗ ಗಿಡ್ಡಪ್ಪ ಅಂಗಡಿಯ ಗಾಜಿನ ಬಾಗಿಲನ್ನು ತೆಗೆಯದೆ ಒಳಗೆ ಬಂದ. ಹಿಂದೆ ಚೌಡಪ್ಪ.

"ಬಾರಲೇ, ಬೆರಳು ಎಣಿಸ್ತೀನಿ" ಎಂದ ಗಿಡ್ಡಪ್ಪ.

ಮೂಲೆಯಲ್ಲಿದ್ದ ಅಭಿಲಾಷ ಎದ್ದು ಹಣೆಯಿಂದಲೇ ಅವನ ಬಾಯಿಗೆ ಗುದ್ದಿದ. ಗಿಡ್ಡಪ್ಪನ ಮುಂದಿನ ಹಲ್ಲೊಂದು ಹಾರಿ ಫ್ಯಾನಿಗೆ ಬಡಿದು, ಗೋಡೆಗೆ ಸಿಡಿದು, ನೇರ ಕೀಬೋರ್ಡಿನ ಎಂಟರ್ ಮೇಲೆ ಬಿತ್ತು. ಕೆಲಸ ತಾನಾಗಿ ಶುರುವಾಯಿತು. ಪರದೆಯ ಮೇಲೆ ನಲವತ್ತು ನಿಮಿಷ ಎಂದು ಬಂತು.

ಸುಮನಾ ಕಂಪ್ಯೂಟರಿಗೆ ಅಡ್ಡ ನಿಂತಳು. ಇನ್ನು ನಲವತ್ತು ನಿಮಿಷ ಆ ಡಬ್ಬಿಗೆ ಒಂದು ಏಟೂ ತಾಗಬಾರದು. ಅಭಿಲಾಷ ಗಿಡ್ಡಪ್ಪನ ಪಕ್ಕೆಲುಬು ಎಣಿಸಿ ಎಣಿಸಿ ಒದ್ದ. ಗಿಡ್ಡಪ್ಪ ಅವನ ಕಿವಿ ಹಿಡಿದು ಕಪಾಟಿಗೆ ಅಪ್ಪಳಿಸಿದ. ನೂರು ಮದುವೆಗಳ ಆಲ್ಬಮ್ಮುಗಳು ಇಬ್ಬರ ಮೇಲೂ ಸುರಿದವು. ಚೌಡಪ್ಪ ವೈರು ಕೀಳಲು ಬಗ್ಗಿದಾಗ ಸುಮನಾ ಸ್ಟೂಲಿನಿಂದ ಬೆನ್ನಿಗೆ ಬಾರಿಸಿದಳು. ಅವನು ಫ್ಲೆಕ್ಸಿನ ರಾಶಿಯಲ್ಲಿ ಮಲಗಿದವನು ಅರ್ಧ ಗಂಟೆ ಏಳಲಿಲ್ಲ. ಆಮೇಲೆ ಕ್ಯಾಮೆರಾದ ಮೂರುಕಾಲಿ ಸ್ಟ್ಯಾಂಡ್ ಎತ್ತಿ ಗಿಡ್ಡಪ್ಪನ ಮಂಡಿಗೆ ಕೊಟ್ಟಳು. ಲಟಕ್ ಎಂದಿತು. ಅವನು ಬಿದ್ದ, ಎದೆಯ ಮೇಲೆ ಅಭಿಲಾಷ ಕೂತ.

"ಬಿದ್ದಲ್ಲೇ ಕೇಳು" ಎಂದಳು ಸುಮನಾ, ತುಟಿಯ ರಕ್ತ ಒರೆಸಿಕೊಂಡು. "ಚಪ್ಪರಕ್ಕೆ ತೆಂಗಿನ ಗರಿ ಹೆಣಿತೀಯಲ್ಲ?"

"ಹೆಣಿತೀನಿ ಕಣಕ್ಕ" ಎಂದ ಗಿಡ್ಡಪ್ಪ, ಉಸಿರು ಸಿಕ್ಕಷ್ಟರಲ್ಲಿ.

"ನನ್ ಕ್ಯಾಮೆರಾನೂ ಹಂಗೇ. ಒಂದ್ ಸಲ ಗೆರೆ ಬಿಟ್ಟು ಗೆರೆ ಹಿಡೀತದೆ, ಆಮೇಲೆ ಬಿಟ್ಟಿದ್ದನ್ನ ಹಿಡಿದು ಹೆಣೀತದೆ. ಅಷ್ಟರಲ್ಲಿ ಇವನ ಕೈ ಒಂದು ಗೇಣು ಮುಂದೆ ಹೋಗಿರ್ತದೆ. ಅರ್ಧ ಗೆರೇಲಿ ಹಳೇ ಕೈ, ಅರ್ಧದಲ್ಲಿ ಹೊಸ ಕೈ. ಅದೇ ಹಲ್ಲು. ಡಿವಿಡಿ ಸಣ್ಣದು, ಹೆಣೆದಿದ್ದನ್ನ ಹಂಗೇ ಹಿಂಡಿ ತುರುಕ್ದೆ, ಹಲ್ಲು ಇನ್ನೂ ದಪ್ಪ ಆಯ್ತು. ಈಗ ಕಂಪ್ಯೂಟರು ಮೊದ್ಲು ಗರಿ ಬಿಡಿಸಿ, ಒಂದೊಂದನ್ನೇ ಡಿವಿಡಿ ಅಳತೆಗೆ ಕತ್ತರಿಸಿ, ಯಾವುದು ಮೊದ್ಲೋ ಅದನ್ನ ಮೊದ್ಲಿಟ್ಟು ಹೆಣೀತಾ ಇದೆ."

"ಇದನ್ನ ಹೊಡೆಯೋಕ್ ಮುಂಚೆ ಹೇಳ್ಬಾರ್ದಿತ್ತಾ?"

"ಬಾಗ್ಲು ಒಡೆಯೋಕ್ ಮುಂಚೆ ನೀನ್ ಕೇಳ್ದಾ?"

ಡಿವಿಡಿ ಹೊರಬಂತು. ಸುಮನಾ ಒಬ್ಬಳೇ ಅದನ್ನು ಓಡಿಸಿ ನೋಡಿದಳು. ಕೈ ತಿಳಿನೀರಿನಂತೆ ಕಂಡಿತು. ಹಿಂದಿನ ಗಲಾಟೆಯೂ ಅಷ್ಟೇ ತಿಳಿಯಾಗಿತ್ತು. ಅವಳು ಸುಮ್ಮನೆ ನಕ್ಕು, ಡಿವಿಡಿಯನ್ನು ಸೆರಗಿಗೆ ಒರೆಸಿ ಚೀಲಕ್ಕೆ ಹಾಕಿದಳು. ನಾಲ್ವರೂ ಕುಂಟುತ್ತಾ ತರೀಕೆರೆ ಬಸ್ ಹತ್ತಿದರು. ಇವರ ಮುಖ ನೋಡಿ ಕಂಡಕ್ಟರ್ ಟಿಕೆಟ್ ಕೇಳಲಿಲ್ಲ.

ಯಜಮಾನನ ಟೀವಿಯಲ್ಲಿ ಅಭಿಲಾಷ ಕೈ ಬೀಸಿದ. ಸುಮನಾ ನಿಲ್ಲಿಸಿದಳು. ಐದು ಬೆರಳು, ಒಂದು ಹಲ್ಲೂ ಇಲ್ಲ. ಮುಂದಕ್ಕೆ ಬಿಟ್ಟರೆ, ಬಿದ್ದ ಗಿಡ್ಡಪ್ಪನ ಕೆನ್ನೆ ಕಣದ ಮಣ್ಣಿನಲ್ಲಿದ್ದ ಬೆಣಚುಕಲ್ಲಿಗೆ ಉಜ್ಜಿದ್ದೂ ಕಂಡಿತು.

ಆದರೂ ರುದ್ರಮೂರ್ತಿ ಗದೆ ಬಿಡಲಿಲ್ಲ. "ಯೋಚ್ನೆ ಮಾಡಣ. ಮುಂದಿನ್ ವರ್ಷ ನೋಡಣ."

"ಹಂಗಾದ್ರೆ ಇನ್ನಷ್ಟು ಬಿಡ್ತೀನಿ ಯಜಮಾನ್ರೆ" ಎಂದಳು ಸುಮನಾ. "ಚೌಡಣ್ಣನ ತಲೆ ಒಡೆದಿದ್ದು ಇದರ ಮುಂದೇನೇ ಇದೆ." ಆಮೇಲೆ ಯಜಮಾನನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು, "ಆವತ್ತು ನೀವು ಹೊದ್ದಿದ್ದ ಹಸಿರು ಶಾಲು, ಅದರ ಅಂಚೂ ಕಾಣ್ತದೆ."

"ಮುಂದಕ್ಕೆ ಬಿಡಮ್ಮ, ಬಿಡು" ಎಂದ ಚೌಡಪ್ಪ, ರಿಮೋಟಿಗೆ ಕೈ ಚಾಚಿ.

ರುದ್ರಮೂರ್ತಿಯ ಮುಖ ಬಿಳಿಚಿತು. ಗದೆ ಎತ್ತಿ ತನ್ನ ಟೀವಿಗೇ ಹೊಡೆದ. ಗಾಜು ಎಂಟೂ ದಿಕ್ಕಿಗೆ ಸಿಡಿಯಿತು, ಹೊಗೆ ಎದ್ದಿತು. ಆ ಹೊಗೆಯಲ್ಲೇ ತಗ್ಗುಬಿದ್ದ ಗದೆಯನ್ನು ಅಭಿಲಾಷನ ಕೈಗಿಟ್ಟ.

"ತಗೋ ಮಗ. ನಿಂದೇ. ಟೀವಿ ಹಳೇದಾಗಿತ್ತು."

ಚೌಡಪ್ಪ ಇವತ್ತಿಗೂ ತನ್ನ ತಲೆ ಒಡೆದವನನ್ನು ಹುಡುಕುತ್ತಿದ್ದಾನೆ. ಸುಮನಾ ಆ ಡಿವಿಡಿಯನ್ನು ನಂಬಿಕಸ್ಥರ ಕೈಗೆ ಕೊಟ್ಟಿಟ್ಟಿದ್ದಾಳೆ, ಅಂದರೆ ನನಗೆ. ನಂಬದಿದ್ದರೆ ಈಗಲೇ ತೋರಿಸುತ್ತಿದ್ದೆ, ಹಾಕಲು ಪ್ಲೇಯರ್ ಇಲ್ಲ ನೋಡಿ. ನಿಮ್ಮ ಮನೆಯ ಅಟ್ಟದಲ್ಲಿ ಒಂದು ಧೂಳು ತಿನ್ನುತ್ತಾ ಬಿದ್ದಿದೆಯಲ್ಲ, ಅದನ್ನು ಇಳಿಸಿ ತನ್ನಿ. ರಿಮೋಟ್ ಮರೆಯಬೇಡಿ. ವಾಪಸ್ ಯಾವಾಗ ಕೊಡುತ್ತೀಯೆಂದು ಮಾತ್ರ ಕೇಳಬೇಡಿ.