ಕಲ್ಲುಹೂವಿನ ಲೋಟಗಳು

ಮೂವತ್ತು ವರ್ಷದಿಂದ ಪಿಂಗಾಣಿ ಲೋಟ ಮಾಡುತ್ತಿದ್ದುದಕ್ಕೆ ಬೀದಿಯವರೆಲ್ಲ ಆಕೆಯನ್ನು ಲೋಟದಕ್ಕ ಎನ್ನುತ್ತಿದ್ದರು. ಲೋಟದ ಮೇಲಿನ ಹೊಳಪಿನ ಲೇಪ, ಆ ಗ್ಲೇಜು, ಹಾಲಿನ ಕೆನೆಯಂತೆ ಒಂದೇ ಸಮ ಕೂತಿರಬೇಕು, ಇಲ್ಲದಿದ್ದರೆ ಆಕೆಗೆ ಊಟ ಸೇರದು. ಬೀದಿಯೆಲ್ಲ ಆ ಲೋಟಗಳಲ್ಲೇ ಕುಡಿಯುತ್ತಿತ್ತು, ತಿರುಗಿಸಿ ನೋಡಿದವರು ಒಬ್ಬರೂ ಇಲ್ಲ. ಸಾಯುವುದರೊಳಗೆ ಒಂದು ಸಲವಾದರೂ ತನ್ನ ಲೋಟ ಗ್ಯಾಲರಿಯ ದೀಪದ ಕೆಳಗೆ ಕೂರಬೇಕು ಎಂಬ ಆಸೆ ಆಕೆಗೆ. ವರ್ಷಕ್ಕೊಮ್ಮೆ ಅರ್ಜಿ ಹಾಕುತ್ತಿದ್ದಳು. ವರ್ಷಕ್ಕೊಮ್ಮೆ 'ಚೆನ್ನಾಗಿದೆ, ಆದರೆ' ಎಂಬ ಉತ್ತರ ಬರುತ್ತಿತ್ತು. ಆ ಆದರೆಗೆ ಬೆಂಕಿ ಬೀಳ!

ಅಷ್ಟರಲ್ಲಿ ಯಜಮಾನರು ನಿವೃತ್ತರಾದರು. ಮನೆಯಲ್ಲಿ ಕೂತು ಬೇಸರವಾದ ಗಂಡಸು ಹೆಂಡತಿಯ ಕೆಲಸಕ್ಕೆ ಕೈ ಹಾಕದೆ ಬಿಟ್ಟಾನೆಯೇ? ಮೊಣಕಾಲಿಗೆ ಎಣ್ಣೆ ತಿಕ್ಕಿಕೊಂಡ ಕೈಯಲ್ಲೇ, ಒಮ್ಮೆ ಸುಟ್ಟು ಗ್ಲೇಜಿಗೆ ಕಾದಿದ್ದ ಲೋಟಗಳನ್ನೆಲ್ಲ ಸವರಿ ಸವರಿ ಜೋಡಿಸಿದರು. ಜಿಡ್ಡಾದ ಮಣ್ಣಿಗೆ ಗ್ಲೇಜು ಅಂಟುವುದಿಲ್ಲ. ಇದು ತಿಳಿಯದ ಲೋಟದಕ್ಕ ಗ್ಲೇಜಿನಲ್ಲಿ ಅದ್ದಿ ಸುಟ್ಟು ಭಟ್ಟಿ ತೆರೆದರೆ ಗ್ಲೇಜೆಲ್ಲ ಸುರುಟಿ, ಲೋಟಗಳ ಮೈಮೇಲೆ ಬೂದು ಹಕ್ಕಳೆಗಳೆದ್ದಿದ್ದವು.

"ಅಯ್ಯೋ ನನ್ ಕರ್ಮವೇ! ಸಹಾಯ ಮಾಡಿ ಅಂತ ನಾನೇನಾದ್ರೂ ಕೇಳಿದ್ನೇನ್ರೀ?"

ಎಸೆಯಲೆಂದು ಬುಟ್ಟಿ ಬಾಗಿಲಾಚೆ ಇಟ್ಟಳು. ಆ ವರ್ಷದ ಅರ್ಜಿಯ ಜೊತೆ ಕಳಿಸಿದ್ದ ಲೋಟ ವಾಪಸು ಕೊಡಲು ಬಂದ ಗ್ಯಾಲರಿ ಮೇಡಂ, ಬುಟ್ಟಿ ನೋಡಿ ಅಲ್ಲೇ ಕುಕ್ಕರಗಾಲಲ್ಲಿ ಕೂತರು.

"ಕಲ್ಲುಹೂವು! ಹಳೇ ಗೋಡೆ ಮೇಲೆ ಹಬ್ಕೊಂಡಿರತ್ತಲ್ಲ, ಅದೇ! ಯಾರೂ ತಿರುಗಿ ನೋಡದ ಜೀವದ ನೋವನ್ನ ಹೇಗೆ ಹಿಡಿದಿದ್ದಾರೆ! ಯಾರ ಕೈ ಇದು?"

ಯಜಮಾನರು ಸತ್ಯವನ್ನೇ ಹೇಳಿದರು. "ನಂದೇ ಮೇಡಂ."

ಇನ್ನೂ ನಲವತ್ತು ಬೇಕು, ಪ್ರದರ್ಶನ ಇಡೋಣ ಎಂದಾಯಿತು. ಯಜಮಾನರು ಗಡ್ಡ ಬಿಟ್ಟರು. ಬೆಳಿಗ್ಗೆ ಎದ್ದು ಕಾಂಪೌಂಡು ಗೋಡೆಯನ್ನು ದಿಟ್ಟಿಸತೊಡಗಿದರು. "ನೀನು ಲೋಟ ಮಾಡಿಡು ಕಣೇ ಸಾಕು, ಕಲೆ ನಾನು ನೋಡ್ಕೋತೀನಿ" ಎಂದು ಎಣ್ಣೆ ಸೀಸೆ ಹಿಡಿದು ಕಾದರು. ಲೋಟದಕ್ಕನಿಗೆ ಹೊಟ್ಟೆ ಧಗಧಗ ಉರಿಯಿತು. ಯಾರೂ ತಿರುಗಿ ನೋಡದ ಜೀವವಂತೆ! ಯಜಮಾನರು ಪತ್ರಿಕೆಯವರಿಗೆ ಸಂದರ್ಶನ ಕೊಡಲು ಹೋದ ದಿನ, ಎಣ್ಣೆ ಬೀಳುವ ಮೊದಲೇ ನಲವತ್ತನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ, ಗ್ಲೇಜಿನಲ್ಲಿ ಅದ್ದಿ, ತಾನೇ ಸುಟ್ಟಳು. ಒಂದರಲ್ಲೂ ಒಂದು ಚುಕ್ಕೆ ಇಲ್ಲ. ಇನ್ನಾದರೂ ನೋಡಲಿ ಎಂದು ಯಜಮಾನರಿಗೆ ತೋರಿಸದೆ ಪೆಟ್ಟಿಗೆ ಕಟ್ಟಿ ಕಳಿಸಿದಳು.

ಗ್ಯಾಲರಿಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ಯಜಮಾನರ ಮುಖ ಬಿಳಿಚಿಕೊಂಡಿತು. ಮೇಡಂ ಮಾತ್ರ ಕಣ್ಣೊರೆಸಿಕೊಂಡರು.

"ಎಂಥಾ ಧೈರ್ಯ ಸಾರ್ ನಿಮ್ದು! ಗಾಳಿ ಕೆಟ್ಟು ಕಲ್ಲುಹೂವೇ ಸತ್ತೋಗಿರೋ ಜಗತ್ತನ್ನೇ ತೋರಿಸ್ಬಿಟ್ರಿ!"

ಯಜಮಾನರು ನಿಧಾನಕ್ಕೆ ತಲೆಯಾಡಿಸಿದರು.

ಉದ್ಘಾಟನೆಯ ದಿನ ನಲವತ್ತು ಲೋಟಕ್ಕೂ ನಲವತ್ತು ದೀಪ. ಫಲಕದ ಮೇಲೆ 'ಇಲ್ಲಿ ಏನೂ ಇಲ್ಲ' ಎಂದು ಬರೆದು, ಕೆಳಗೆ ಯಜಮಾನರ ಹೆಸರು ಹಾಕಿದ್ದರು. ಜನ ಒಂದೊಂದು ಲೋಟದ ಮುಂದೂ ನಿಂತು, ಅದರಲ್ಲಿ ಏನೂ ಇಲ್ಲದಿರುವುದನ್ನು ಮೆಚ್ಚುತ್ತಿದ್ದರು. ಮೂವತ್ತು ವರ್ಷ ಕಾದ ಗಳಿಗೆ ಇದೇನಾ ಎಂದು ಲೋಟದಕ್ಕನಿಗೆ ಅಳು ಒತ್ತರಿಸಿ ಬಂತು. ನೇರ ಹೋಗಿ ಒಂದು ಲೋಟ ತೆಗೆದು, ಮೂಲೆಯ ಕ್ಯಾನಿನಿಂದ ನೀರು ಹಿಡಿದು, ಗಟಗಟ ಕುಡಿದಳು.

ಕಾವಲಿನವನು ಓಡಿ ಬಂದ. "ಅಮ್ಮಾ, ಮುಟ್ಬೇಡಿ, ಅದು ಕಲೆ!"

"ಲೋಟ ಕಣಪ್ಪಾ! ನಾನೇ ಮಾಡಿದ್ದು!"

ಇದೂ ಪ್ರದರ್ಶನದ ಭಾಗವೇ ಇರಬೇಕೆಂದು ಜನ ಕತ್ತು ಚಾಚಿದರು. ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು, ಎಲ್ಲರೂ ಸೇರಿಕೊಂಡರು. ಮೇಡಂ ಹೋಗಿ ಯಜಮಾನರ ಕೈ ಕುಲುಕಿದರು.