ಚಕ್ಕಡಿಯಿಂದ ಬಿದ್ದ ತೋಳು

ರೇಣುಕವ್ವನಿಗೆ ಬಲಗಡೆಯ ಮೊಲೆ ಇರಲಿಲ್ಲ. ಹುಬ್ಬಳ್ಳಿಯ ದವಾಖಾನೆಯಲ್ಲಿ ಗಂಟಿನ ಸಮೇತ ಅದನ್ನು ಕೊಯ್ದು ತೆಗೆದಿದ್ದರು. ಮೊರಬದಲ್ಲಿ ಈ ಸಂಗತಿ ಗೊತ್ತಿದ್ದದ್ದು ಆಕೆಗೆ, ಆಕೆಯ ಗಂಡ ಲಕ್ಷ್ಮಣಪ್ಪನಿಗೆ ಮತ್ತು ಅತ್ತೆ ಬಸವಣ್ಣೆವ್ವನಿಗೆ ಮಾತ್ರ. ಉಳಿದ ಊರಿನ ಪಾಲಿಗೆ ಆಕೆ ಚಕ್ಕಡಿಯಿಂದ ಬಿದ್ದು ತೋಳು ಮುರಿದುಕೊಂಡವಳು.

ಬೀಳಿಸಿದವನು ಲಕ್ಷ್ಮಣಪ್ಪ. ಹೆಂಡತಿಯನ್ನು ಮನೆಗೆ ಮುಟ್ಟಿಸಿ ಚಹಾದಂಗಡಿಗೆ ಬಂದಾಗ ಯಾರೋ, "ಏನ್ ಆಪರೇಷನ್ ಆತಪಾ?" ಎಂದು ಕೇಳಿದರು. ಎತ್ತುಗಳ ಅವ್ವ-ಅಕ್ಕಂದಿರನ್ನು ದಿನವೂ ಬಾಯ್ತುಂಬ ನೆನೆಯುವ ಆ ಮನುಷ್ಯನಿಗೆ ಹೆಂಡತಿಯ ಮೊಲೆ ಎನ್ನಲು ನಾಲಿಗೆ ಏಳಲಿಲ್ಲ. "ತೋಳಿಂದು," ಎಂದ. ತೋಳಿಗೇನಾಗಿತ್ತು ಎಂದು ಮುಂದಿನ ಪ್ರಶ್ನೆ ಬಂತು. "ಚಕ್ಕಡಿ ಮ್ಯಾಲಿಂದ ಬಿದ್ಲು," ಎಂದ. ನಾಲ್ಕು ವರ್ಷದ ಹಿಂದಿನ ರೈತ ಬಂಡಾಯದಲ್ಲಿ ಪೊಲೀಸರ ಲಾಠಿ ತಿಂದವರು ಅದೇ ಅಂಗಡಿಯಲ್ಲಿ ಇಂದಿಗೂ ಧೋತರ ಎತ್ತಿ ತೊಡೆಯ ಬಾಸುಂಡೆಯ ಕಲೆ ತೋರಿಸುತ್ತಿದ್ದರು. ಊರಿನಲ್ಲಿ ಗಾಯಕ್ಕೆ ಮರ್ಯಾದೆ ಇತ್ತು. ಗಾಯ ಆಗುವ ಜಾಗ ಮಾತ್ರ ಸರಿ ಇರಬೇಕಿತ್ತು.

ದವಾಖಾನೆಯ ನರ್ಸಬಾಯಿ ಎಲ್ಲವನ್ನೂ ಬಿಡಿಸಿ ಹೇಳಿಯೇ ಕಳಿಸಿದ್ದಳು. ಗೋಡೆಗೆ ಮುಖ ಮಾಡಿ ನಿಲ್ಲಬೇಕು, ಬೆರಳುಗಳನ್ನು ಹುಳದ ಹಾಗೆ ಮೇಲಕ್ಕೆ ಹತ್ತಿಸಬೇಕು, ಮುಟ್ಟಿದಲ್ಲಿ ಗೆರೆ ಎಳೆದು ಮರುದಿನ ಗೆರೆ ದಾಟಬೇಕು. ಕಾವು ಕೊಡಬಾರದು, ಬಿಗಿದು ಕಟ್ಟಬಾರದು. "ಈಗ ಬಿಟ್ರ ಕೈ ಅಲ್ಲೇ ಕುಂದ್ರತೈತಿ. ಆಮ್ಯಾಲೆ ಬೇಕಂದ್ರೂ ಮ್ಯಾಲೆ ಬರೂದಿಲ್ಲ," ಎಂದಿದ್ದಳು. ಲಕ್ಷ್ಮಣಪ್ಪ ಇದನ್ನೆಲ್ಲ ಕೇಳಬೇಕಿತ್ತು. ಆದರೆ ನರ್ಸಬಾಯಿ ಮೊದಲ ವಾಕ್ಯದಲ್ಲೇ ಮೊಲೆ ಎಂಬ ಶಬ್ದ ಬಳಸಿದ್ದರಿಂದ ಅವನು ಬೀಡಿ ಸೇದಲು ಹೊರಗೆ ಹೋಗಿದ್ದ.

ಬಸವಣ್ಣೆವ್ವ ತನ್ನ ಆಯುಷ್ಯದಲ್ಲಿ ಹೆಂಗಸರು ದವಾಖಾನೆಯಿಂದ ಮನೆಗೆ ಬರುವುದನ್ನು ಕಂಡದ್ದು ಹೆರಿಗೆಯಾದ ಮೇಲೆ ಮಾತ್ರ. ಹಾಗಾಗಿ ಸೊಸೆಗೆ ಬಾಣಂತನ ಶುರುವಾಯಿತು. ಹೊರಸಿನ ಕೆಳಗೆ ಕೆಂಡದ ಬುಟ್ಟಿ, ಅದರ ಮೇಲೆ ಅಜವಾನದ ಹೊಗೆ, ಕಿವಿಗೆ ಅರಿವೆ, ಮುಂಜಾನೆ ಒಂದು ಅಂಟಿನುಂಡೆ. ಊದಿದ ತೋಳಿಗೆ ಬಿಸಿ ಉಪ್ಪಿನ ಗಂಟು. ಕೊನೆಗೆ ಹಳೆಯ ಧೋತರ ಹರಿದು ಬಲಗೈಯನ್ನು ಎದೆಯ ಮೇಲೆ ಅಡ್ಡ ತಂದು ಬಿಗಿಯುತ್ತಿದ್ದಳು. ಆ ಕಟ್ಟು ಎರಡು ಕೆಲಸ ಮಾಡುತ್ತಿತ್ತು: ಮುರಿಯದ ತೋಳನ್ನು ಹಿಡಿದಿಡುತ್ತಿತ್ತು, ಇಲ್ಲದ ಮೊಲೆಯನ್ನು ಮುಚ್ಚುತ್ತಿತ್ತು. ಮುದುಕಿಗೆ ಎರಡನೆಯದೇ ಮುಖ್ಯ.

"ಅತ್ತಿ, ಕೈ ಬಿಚ್ಚರಿ. ಬೆರಳಿಂದ ಗ್ವಾಡಿ ಹತ್ತಬೇಕಂತ ಹೇಳ್ಯಾರ," ಎಂದಳು ರೇಣುಕವ್ವ.

"ಗ್ವಾಡಿ ಹತ್ತಾಕ ನೀಯೇನು ಹಲ್ಲಿ ಏನ? ಬಿಚ್ಚಿದ್ರ ಮುಂದ ಬಯಲಾಕ್ಕೈತಿ. ಬಂದವರ ಕಣ್ಣು ಎಲ್ಲಿ ಹೋಗ್ತಾವ ಗೊತ್ತೈತಿಲ್ಲ? ಸುಮ್ನ ಬಿದ್ಕೊ."

ರೇಣುಕವ್ವ ಬಿದ್ದುಕೊಂಡಳು. ಕಂಕುಳಿಂದ ಮೊಣಕೈವರೆಗೆ ಒಳಗೆ ಯಾರೋ ಹುರಿ ಎಳೆದು ಕಟ್ಟಿದಂತೆ ಬಿಗಿತ. ತೋಳಿನ ಒಳಮೈ ಮರಗಟ್ಟಿತ್ತು. ಬೆರಳು ಊದಿ ಉಂಗುರ ಮಾಂಸದಲ್ಲಿ ಹುಗಿದಿತ್ತು. ಎದೆಯ ಗಾಯ ಮಾಯುತ್ತಿತ್ತು, ಆರೋಗ್ಯವಾಗಿದ್ದ ಕೈ ಕೆಡುತ್ತಿತ್ತು. ತನ್ನ ತುರುಬನ್ನು ತಾನು ಕಟ್ಟಿಕೊಳ್ಳಲು ಆಗುತ್ತಿರಲಿಲ್ಲ. ಅತ್ತೆ ಬಾಚುತ್ತಿದ್ದಳು, ಹುಬ್ಬು ಮೇಲೇರುವ ಹಾಗೆ ಎಳೆದು. ಇನ್ನು ಸಾಯುವ ತನಕ ಈ ಮುದುಕಿಯ ಕೈಗೆ ತಲೆ ಕೊಡಬೇಕೇ ಎಂಬುದೇ ರೇಣುಕವ್ವನ ಚಿಂತೆ. ಕ್ಯಾನ್ಸರ್‌ಗೆ ಕೂಡ ಆಕೆ ಅಷ್ಟು ಅಂಜಿರಲಿಲ್ಲ.

ಬಾಜೂಮನೆಯ ಖಾಸಿಂಬಿ ಬಂದು ಹೊರಸು, ಕೆಂಡ, ಉಂಡೆ ಎಲ್ಲ ನೋಡಿದಳು. "ಎಲ್ಲಾ ಅಗದಿ ಸರಿ ಐತಿ. ಕೂಸು ಎಲ್ಲೈತಿ ಬೇ?"

ರೇಣುಕವ್ವ ನಕ್ಕಳು. ನಕ್ಕರೆ ಹೊಲಿಗೆ ಹಿಡಿಯುತ್ತಿತ್ತು, ಬೇಗ ನಗು ನಿಲ್ಲಿಸಿದಳು. ಹೇಳಬೇಕೆಂದು ಬಾಯಿ ತೆರೆದರೆ ಅತ್ತೆ ಕೆಂಡ ಕೆದಕುವ ನೆಪದಲ್ಲಿ ಅಲ್ಲೇ ಕೂತಿದ್ದಳು.

ಅಷ್ಟರಲ್ಲಿ ಅಂಗಳದಲ್ಲಿ ದನಿ ಏರಿತು. ಬಡಿಗ ಹೊಳೆಯಪ್ಪ ಬಂದಿದ್ದ. ಆ ಚಕ್ಕಡಿ ಮಾಡಿದವನು ಅವನೇ. ಊರವರು ಅದನ್ನು ಮರೆತಿರಲಿಲ್ಲ. ಇಬ್ಬರು ಅವನನ್ನು ಬಿಟ್ಟು ಅಣ್ಣಿಗೇರಿಯ ಬಡಿಗನಿಗೆ ಹೊಸ ಚಕ್ಕಡಿ ಹೇಳಿದ್ದರು.

"ನನ್ನ ಚಕ್ಕಡಿ ಮ್ಯಾಲಿಂದ ಸುಗ್ಗ್ಯಾಗ ಹೊಟ್ಟು ಸೈತ ಬಿದ್ದಿಲ್ಲ. ನಿನ್ನ ಹೇಣ್ತಿ ಹೆಂಗ ಬಿದ್ಲು?" ಎಂದು ಹೊಳೆಯಪ್ಪ ಗಾಲಿಯನ್ನು ಕಾಲಿನಿಂದ ತಟ್ಟಿ ನೋಡುತ್ತಿದ್ದ.

"ಹಳ್ಳದ ಇಳಕಲದಾಗ," ಎಂದ ಲಕ್ಷ್ಮಣಪ್ಪ.

"ಯಾವ ಕಡಿ?"

"ಬಲಕ್ಕ."

"ಬಲಗಾಲಿ ಹ್ವಾದ ವರ್ಷ ಹೊಸಾದು ಹಾಕೀನಿ. ಅಲ್ಲಾಡಿಸು ನೋಡೂಣು. ಅಲ್ಲಾಡಿದ್ರ ಇವತ್ತಿಂದ ನಾ ಉಳಿ ಮುಟ್ಟೂದಿಲ್ಲ."

"ಎತ್ತು ಬೆದರಿದ್ವು."

"ನಿನ್ನ ಎತ್ತು? ಅವು ಬೆದರಬೇಕಂದ್ರ ಮೊದಲ ಎಚ್ಚರಾಗಬೇಕು. ಆಕೀನ ಕರಿ. ಎಲ್ಲಿ ಕುಂತಿದ್ದಳು, ಎಲ್ಲಿಂದ ಜಾರಿದಳು, ತೋರಿಸಲಿ."

"ಆಕಿ ಬಾಣಂತಿ ಅದಾಳ," ಎಂದುಬಿಟ್ಟ ಲಕ್ಷ್ಮಣಪ್ಪ. ಆಮೇಲೆ ತನ್ನ ಮಾತು ತನಗೇ ಕೇಳಿ ನಾಲಿಗೆ ಕಚ್ಚಿಕೊಂಡ.

ಒಳಗೆ ರೇಣುಕವ್ವ ಎದ್ದು ಕೂತು ಕಟ್ಟಿನ ಗಂಟನ್ನು ಎಡಗೈಯಿಂದಲೂ ಹಲ್ಲಿನಿಂದಲೂ ಬಿಚ್ಚತೊಡಗಿದಳು. "ಬಿಡ ಅದನ್ನ," ಎಂದು ಬಸವಣ್ಣೆವ್ವ ಕೈ ಹಿಡಿಯಲು ಬಂದಳು. ಖಾಸಿಂಬಿ ನಡುವೆ ಕಾಲು ಚಾಚಿ ಕೂತಳು. ಅರಿವೆ ಕೆಳಗೆ ಬಿತ್ತು. ರೇಣುಕವ್ವ ಸೆರಗು ಹೊದ್ದು ಬಾಗಿಲಿಗೆ ಬಂದು ನಿಂತಳು. ಕುಬಸ ಒಂದು ಕಡೆ ಜೋತಿತ್ತು.

"ಹೊಳೆಯಪ್ಪಣ್ಣ, ನಿನ್ನ ಗಾಲಿದು ತಪ್ಪಿಲ್ಲ. ನಂಗ ಕ್ಯಾನ್ಸರ್ ಆಗಿತ್ತು. ಬಲಗಡಿ ಮಲಿ ಕೊಯ್ದಾರ. ತೋಳಿಗೇನೂ ಆಗಿದ್ದಿಲ್ಲ, ಅದನ್ನ ಇವರು ಮನ್ಯಾಗ ಕೆಡಿಸ್ಯಾರ."

ಹೊಳೆಯಪ್ಪ ನೆಲ ನೋಡಿದ. ಆಮೇಲೆ ಗಾಲಿ ನೋಡಿದ.

"ಹಂಗಾರ ಗಾಲಿದಲ್ಲ."

"ಅಲ್ಲ."

"ಇದನ್ನ ಚಹಾದಂಗಡ್ಯಾಗ ಒಂದ್ಸಲ ಹೇಳ್ಬಿಡಪಾ ಲಕ್ಷ್ಮಣಪ್ಪ," ಎಂದು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು ಹೋದ. ಅಂದು ಮೊರಬದಲ್ಲಿ ಮರ್ಯಾದೆ ಉಳಿದದ್ದು ಒಂದು ಕಟ್ಟಿಗೆಯ ಗಾಲಿಗೆ.

ಬಸವಣ್ಣೆವ್ವ ತಲೆ ಮೇಲೆ ಸೆರಗು ಎಳೆದುಕೊಂಡು ಅಳಲು ಕೂತಳು. ಸೊಸೆಗೆ ಕ್ಯಾನ್ಸರ್ ಎಂದು ತಿಳಿದ ದಿನ ಆಕೆ ಇಷ್ಟು ಅತ್ತಿರಲಿಲ್ಲ. ಖಾಸಿಂಬಿ ರೇಣುಕವ್ವನಿಂದ ಗೋಡೆಯ ಗೆರೆಯ ಸಂಗತಿ ಕೇಳಿಕೊಂಡು, ಬಾಣಂತನದ ಬುಟ್ಟಿಯಿಂದ ಆರಿದ ಇದ್ದಿಲು ಎತ್ತಿಕೊಂಡು, "ನಡಿ, ಕೈ ಎಲ್ಲೀತನಕ ಹೋಗತೈತಿ ನೋಡೂಣು," ಎಂದಳು.

ಮೊದಲ ಗೆರೆ ಹೆಗಲಿಗಿಂತ ಕೆಳಗೇ ಬಿತ್ತು. ಒಳಗಿನ ಹುರಿ ಎಳೆದು ಕಣ್ಣಲ್ಲಿ ನೀರು ಬಂತು. ಹಲ್ಲು ಕಚ್ಚಿ ಮರುದಿನ ಮತ್ತೆ ನಿಂತಳು. ಗೋಡೆ ಕಪ್ಪಾಯಿತೆಂದು ಅತ್ತೆ ಬೈದಳು. ಸುಣ್ಣ ಹಚ್ಚಿದರಾಯಿತು ಎಂದಳು ಸೊಸೆ. ಮುಂಗಾರು ಮುಗಿಯುವ ಹೊತ್ತಿಗೆ ಊತ ಇಳಿದು ಗೆರೆ ತಲೆಯ ಮಟ್ಟ ದಾಟಿತು. ತುರುಬು ಓರೆಯಾಗಿತ್ತು, ಆದರೆ ತನ್ನ ಕೈಯಿಂದ ಕಟ್ಟಿದ್ದು.

ಅಲ್ಲಿಂದ ಮೇಲೆ ಕೈ ಹೋಗಲಿಲ್ಲ. ನರ್ಸಬಾಯಿ ಸುಳ್ಳು ಹೇಳಿರಲಿಲ್ಲ, ಕಟ್ಟಿನಲ್ಲಿ ಕಳೆದ ವಾರಗಳು ತಿರುಗಿ ಬರಲಿಲ್ಲ. ಜಂತಿಗೆ ತೂಗುಹಾಕಿದ ಹಾಲಿನ ನೆಲುವು ಎಟುಕದಾಯಿತು. ಲಕ್ಷ್ಮಣಪ್ಪ ಬಾಯಿ ಬಿಡದೆ ಅದನ್ನು ಒಂದು ಗೇಣು ಕೆಳಗೆ ಇಳಿಸಿ ಕಟ್ಟಿದ. ಇದರಿಂದ ಹೆಂಡತಿಗೆ ಅನುಕೂಲವಾಯಿತು, ಬೆಕ್ಕಿಗೂ ಆಯಿತು.

ಎಲ್ಲ ಸೇರಿ ಹೋದದ್ದು ಇಷ್ಟು: ಒಂದು ಮೊಲೆ, ಒಂದು ಗೇಣು ತೋಳು, ಎರಡು ಗಡಿಗೆ ಹಾಲು.